ಮೂಗಿನ ಸಾಕ್ಷಿ

ಹುನಗುಂದ
14 ನವೆಂಬರ್ 2024

ಶಿವಗಂಗಾ,

ಕ್ಷೇಮ ಸಮಾಚಾರ ಬರೆಯುವ ಮನಸ್ಸಿಲ್ಲ. ಫೋನಿನಲ್ಲಿ ನಿನ್ನನ್ನು ಬೈದರೆ ಮನೆಯವರಿಗೆಲ್ಲ ಕೇಳಿಸುತ್ತದೆ. ವಾಟ್ಸಾಪಿನಲ್ಲಿ ಬರೆದರೆ ವಚನಾ ಓದುತ್ತಾಳೆ. ಏಳು ವರ್ಷದ ಮಗಳಿಗೆ ನನ್ನ ಫೋನು ನನಗಿಂತ ಚೆನ್ನಾಗಿ ಗೊತ್ತು. ಅದಕ್ಕೇ ಇಲ್ಲಿ ನಮ್ಮ ದಾಳಿಂಬೆ ಗೋದಾಮಿನಲ್ಲಿ ಕೂತು ಕಾಗದ ಹಿಡಿದಿದ್ದೇನೆ. ಉತ್ತರ ಬರೆಯುವುದಿದ್ದರೆ ಇಲ್ಲಿಗೇ ಬರೆ. ಇಳಕಲ್ಲಿನ ಮನೆಗೆ ಬೇಡ.

ನೀನು ಕಳಿಸಿದ ಬಾಟಲಿ ಬಂತು. ಅದನ್ನು ಅಪ್ಪ ಕುಡಿದ.

ಇನ್ನೊಮ್ಮೆ ಓದು. ಇಪ್ಪತ್ತು ವರ್ಷದಿಂದ ಹನಿ ಮುಟ್ಟದ ಅಪ್ಪ ನಿನ್ನ ಬಾಟಲಿ ಕುಡಿದ. ಹೋದ ಭಾನುವಾರ ನಿನ್ನ ಅತ್ತಿಗೆ ಬಸವೇಶ್ವರಿ ಗುಳೇದಗುಡ್ಡದ ತವರಿನಿಂದ ಸಂಜೆ ಬಂದಳು. ಅಡಿಗೆಮನೆಯಲ್ಲಿ ಖಾಲಿ ಬಾಟಲಿ, ಮನೆತುಂಬ ವಾಸನೆ. ಯಾರು ಕುಡಿದದ್ದು ಎಂದು ಕೇಳಿದಳು. ಅಪ್ಪ ತಲೆ ತಗ್ಗಿಸಿ "ನಾನ ಕುಡದೇನಿ" ಅಂದ. ಅಷ್ಟೇ.

ಮಠದ ಸ್ವಾಮಿಗಳು ಜೋಳಿಗೆ ಹಿಡಿದು ಓಣಿ ಓಣಿ ತಿರುಗಿ, ಜೋಳ ಬೇಡ, ರೊಕ್ಕ ಬೇಡ, ನಿಮ್ಮ ಚಟ ಹಾಕಿರಿ ಎಂದು ಕೇಳಿದಾಗ, ಊರ ಎದುರಿಗೆ ಬಾಟಲಿ ತಂದು ಹಾಕಿದವನು ನಮ್ಮಪ್ಪ. ಅಂದಿನಿಂದ ಪ್ರತಿ ವರ್ಷ ಮಠದಲ್ಲಿ ಅವನನ್ನು ನಿಲ್ಲಿಸಿ ಮಾತಾಡಿಸುತ್ತಾರೆ. ಹೊಸದಾಗಿ ಬಿಡುವವರು ಅವನ ಕೈ ಹಿಡಿದು ಅಳುತ್ತಾರೆ. ಕಾಶಪ್ಪನ ಮಗ ಎಂದರೆ ನನಗೆ ಈ ತಾಲೂಕಿನಲ್ಲಿ ಕುರ್ಚಿ ಸಿಗುತ್ತದೆ. ಅದನ್ನೆಲ್ಲ ನೀನು ಒಂದು ಬಾಟಲಿಯಲ್ಲಿ ತೊಳೆದುಬಿಟ್ಟೆ.

ಮೋಸ ಎಂದರೆ ಅದರ ರುಚಿಯೇ ಮೋಸ. ಮೊದಲ ಗುಟುಕಿಗೆ ಶರಬತ್ತು ಅನಿಸಿತಂತೆ ಅಪ್ಪನಿಗೆ. ಹುಳಿ, ಸ್ವಲ್ಪ ಒಗರು, ನಮ್ಮ ಹಣ್ಣಿನದೇ ಒಗರು. ಬರುಬರುತ್ತ ಲವಂಗ. ತಳಕ್ಕೆ ಬಂದಾಗ ಕಳಿತ ಬಾಳೆಹಣ್ಣು, ಹುದುಗು ಬಂದ ಹಿಟ್ಟು. ಎದ್ದು ನಿಂತಾಗಲೇ ಕಾಲಿಗೆ ಗೊತ್ತಾದದ್ದು. ಹೀಗೆ ಮರೆಮಾಚಿ ಅಮಲು ಕೊಡುವುದನ್ನು ಕಲಿಯಲೆಂದೇ ನಿನ್ನನ್ನು ಬಾಗಲಕೋಟೆಯ ತೋಟಗಾರಿಕೆ ಕಾಲೇಜಿಗೆ ಕಳಿಸಿದೆವೇನು?

ಆ ಕೆಲಸ ಬಿಡು. ಬಿಟ್ಟು ಬಂದು ನೀನೂ ಜೋಳಿಗೆಗೆ ಹಾಕು. ಅಲ್ಲಿಯವರೆಗೆ ಈ ಮನೆಯ ಹೊಸ್ತಿಲು ತುಳಿಯಬೇಡ.

ಅಮರೇಶ


ಪೋಂಡಾ, ಗೋವಾ
20 ನವೆಂಬರ್ 2024

ಅಣ್ಣಾ,

ನಿನ್ನ ಪತ್ರ ಓದಿ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಅಳುತ್ತ ಕೂತೆ. ಅಪ್ಪ ಹೇಗಿದ್ದಾನೆ ಎಂದು ನೀನು ಒಂದು ಸಾಲೂ ಬರೆದಿಲ್ಲ. ಊಟ ಮಾಡುತ್ತಾನೋ, ಮಾತಾಡುತ್ತಾನೋ? ನಾನು ಫೋನು ಮಾಡಿದರೆ ಎತ್ತುತ್ತಿಲ್ಲ.

ಬಾಟಲಿ ಕಳಿಸಿದ್ದು ನನ್ನ ತಪ್ಪು ಎನ್ನುವುದಾದರೆ ಒಪ್ಪುತ್ತೇನೆ. ಆದರೆ ಅದನ್ನು ನಾನು ನಿನಗೆ ಕಳಿಸಿದ್ದು. ಗೋದಾಮಿನ ವಿಳಾಸಕ್ಕೆ, ನಿನ್ನ ಹೆಸರಿಗೆ. ಒಳಗೆ ಚೀಟಿಯನ್ನೂ ಇಟ್ಟಿದ್ದೆ: ಇದು ನಿನ್ನ ತೋಟದ ಹಣ್ಣಿನ ರಸ ಹಾಕಿದ ಗೋಧಿ ಬಿಯರು, ಬಹಳ ಸ್ಟ್ರಾಂಗು, ರುಚಿ ನೋಡು, ಬೇಡವಾದರೆ ಚೆಲ್ಲು, ಮನೆಗೆ ಮಾತ್ರ ಒಯ್ಯಬೇಡ. ಹುನಗುಂದದ ಗೋದಾಮಿನಿಂದ ಅದು ಇಳಕಲ್ಲಿನ ಅಡಿಗೆಮನೆಗೆ ಹೇಗೆ ಹೋಯಿತು? ಇದೊಂದು ತಿಳಿಸು.

ನಾನು ಮರೆಮಾಚಿ ಅಮಲು ಕೊಡುತ್ತೇನೆ ಎಂದು ಬರೆದಿದ್ದೀ. ನನ್ನ ಕೆಲಸ ಏನು ಎಂದು ನೀನು ಒಂದು ಸಲವೂ ಕೇಳಿಲ್ಲ, ಈಗ ಕೇಳು. ಬೆಳಿಗ್ಗೆ ಚಹಾ ಕುಡಿಯದೆ, ಉಳ್ಳಾಗಡ್ಡಿ ತಿನ್ನದೆ, ತಲೆಗೆ ವಾಸನೆಯ ಎಣ್ಣೆ ಹಚ್ಚದೆ ಬಿಯರು ಕಾರ್ಖಾನೆಯ ರುಚಿ ನೋಡುವ ಕೋಣೆಗೆ ಹೋಗಿ ಕೂಡುತ್ತೇನೆ. ಗ್ಲಾಸು ಬರುತ್ತದೆ. ಮೊದಲು ಮೂಸುತ್ತೇನೆ, ಆಮೇಲೆ ಗುಟುಕು. ಗೋಧಿಯ ಮೆತ್ತಗಿನ ರುಚಿ ನಾಲಿಗೆಗೆ ಹತ್ತಬೇಕು. ಹಣ್ಣಿನ ಹುಳಿ ಮೇಲೆದ್ದು ಕಾಣಬೇಕು, ಆದರೆ ಸಿಪ್ಪೆಯ ಕಹಿ ಬರಬಾರದು. ಎಲ್ಲಿ ಏನು ಕೆಟ್ಟಿದೆ ಎಂದು ಹೇಳುವುದೇ ನನ್ನ ಉದ್ಯೋಗ. ಸಿಹಿಯ ಮರೆಯಲ್ಲಿ ಅಮಲು ಅಡಗಿದೆ, ಕುಡಿಯುವವನಿಗೆ ಗೊತ್ತಾಗಬೇಕು, ಬಾಟಲಿಯ ಮೇಲೆ ಹೆಸರಿಗಿಂತ ದೊಡ್ಡದಾಗಿ 'ಸ್ಟ್ರಾಂಗ್' ಎಂದು ಬರೆಯಿರಿ ಎಂದು ಹಟ ಹಿಡಿದು ಬರೆಸಿದವಳು ನಾನೇ. ನೀನು ನೋಡಿರಬೇಕಲ್ಲ.

ನಾನು ಜ್ಯೂಸ್ ಕಂಪನಿಯಲ್ಲಿದ್ದೇನೆ ಎಂದು ಬೀಗರಿಗೆಲ್ಲ ಹೇಳಿಕೊಂಡು ಬಂದವನು ನೀನು. ನಾನು ಯಾರಿಗೂ ಸುಳ್ಳು ಹೇಳಿಲ್ಲ. ಈಗ ಮಾತ್ರ ಜೋಳಿಗೆಯ ನೆನಪಾಯಿತೇ?

ಅಪ್ಪನ ವಿಷಯ ಬರೆ.

ಶಿವಗಂಗಾ


ಹುನಗುಂದ
2 ಡಿಸೆಂಬರ್ 2024

ಶಿವಗಂಗಾ,

ವಾದ ಮಾಡಲು ನಿನಗೆ ಯಾರೂ ಹೇಳಿಕೊಡಬೇಕಿಲ್ಲ. ಬಾಟಲಿ ಹೇಗೆ ಹೋಯಿತು, ಎಲ್ಲಿಂದ ಹೋಯಿತು ಎನ್ನುವುದು ಮುಖ್ಯವಲ್ಲ. ಮನೆಯಲ್ಲಿ ಕುಡುಕ ಇದ್ದಾನೆ ಎಂದು ಗೊತ್ತಿದ್ದೂ ಕಳಿಸಿದವಳು ನೀನು.

ಅಪ್ಪ ಚೆನ್ನಾಗಿಯೇ ಇದ್ದಾನೆ. ಉಣ್ಣುತ್ತಾನೆ, ಕಟ್ಟೆಯ ಮೇಲೆ ಕೂಡುತ್ತಾನೆ. ಮಾತು ಕಡಿಮೆ. ಈ ವರ್ಷ ಮಠದಲ್ಲಿ ಮಾತಾಡುವುದು ಬೇಡ ಎಂದು ನಾನೇ ಹೋಗಿ ಹೇಳಿ ಬಂದೆ, ಮೈಯಲ್ಲಿ ಹುಷಾರಿಲ್ಲ ಎಂದು. ಆಚೆಮನೆಯ ದಸ್ತಗೀರಸಾಬ ಮಗ್ಗ ಬಿಟ್ಟು ಬಂದು ಸಂಜೆ ಅವನ ಜೊತೆ ಕೂಡುತ್ತಾನೆ. ಅವನಿಗೆ ಯಾರು ಹೇಳಿದರೋ. ನಿನ್ನೆ ನನ್ನನ್ನು ನಿಲ್ಲಿಸಿ, "ಕಾಶಪ್ಪ ಕುಡದಾನಂದ್ರ ನಾ ನಂಬಂಗಿಲ್ಲ ತಮ್ಮಾ, ಇಪ್ಪತ್ತ ವರ್ಷ ಅವನ ಬಾಜೂಕ ಕುಂತೇನಿ" ಅಂದ. ನಂಬದಿದ್ದರೆ ಬಿಡಲಿ. ಮನೆಯ ಮರ್ಯಾದೆ ಓಣಿಗೆ ಬಂತಲ್ಲ, ಅದು ನನ್ನ ಸಂಕಟ.

ನಾವು ನಮ್ಮ ಎಚ್ಚರಿಕೆಯಲ್ಲಿದ್ದೇವೆ. ಬಸವೇಶ್ವರಿಗೆ ಮಾವನ ಹತ್ತಿರ ಹೋಗಿ ನೋಡಲು ಸಂಕೋಚ. ಅದಕ್ಕೆ ಸಂಜೆ ಅಪ್ಪ ಹೊರಗಿಂದ ಬಂದ ಮೇಲೆ ವಚನಾಳನ್ನು ಕಳಿಸುತ್ತೇವೆ. ಅವಳು ಅಜ್ಜನ ಬಾಯಿ ಮೂಸಿ ಬಂದು ಹೇಳುತ್ತಾಳೆ. ಅವಳಿಗೆ ಅದೊಂದು ಆಟ. ಅವ್ವ ಇದ್ದಾಗ ನೀನು ಮಾಡುತ್ತಿದ್ದೆಯಲ್ಲ, ಹಾಗೆಯೇ. ಇಲ್ಲಿಯವರೆಗೆ ಏನೂ ಇಲ್ಲ.

ಕೆಲಸ ಬಿಡುವ ವಿಷಯಕ್ಕೆ ಉತ್ತರ ಕೊಡಲಿಲ್ಲ ನೀನು.

ಅಮರೇಶ


ಪೋಂಡಾ
6 ಡಿಸೆಂಬರ್ 2024

ಅಣ್ಣಾ,

ನಿನ್ನ ಪತ್ರದ ಮಿಕ್ಕ ಸಾಲೆಲ್ಲ ಹಾಳಾಗಿ ಹೋಗಲಿ. ವಚನಾಳನ್ನು ಮೂಸಲು ಕಳಿಸುತ್ತೀರಾ?

ಆಟ ಎಂದೆ. ಆ ಆಟ ಆಡಿದವಳು ನಾನು. ನೀನು ಬಾಗಲಕೋಟೆಯ ಹಾಸ್ಟೆಲಿನಲ್ಲಿದ್ದೆ, ರಜೆಗೆ ಬಂದು ಹೋಳಿಗೆ ಉಂಡು ಹೋಗುತ್ತಿದ್ದೆ. ಅದು ಹೇಗಿತ್ತು ಎಂದು ನಿನಗೆ ಯಾರೂ ಹೇಳಿಲ್ಲ, ಈಗ ನಾನು ಹೇಳುತ್ತೇನೆ. ಸಂಜೆ ಅಪ್ಪನ ಚಪ್ಪಲಿಯ ಸಪ್ಪಳ ಕೇಳಿದರೆ ಅವ್ವ ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ನನ್ನನ್ನು ಕಟ್ಟೆಗೆ ತಳ್ಳುತ್ತಿದ್ದಳು. ಅಪ್ಪ ನನ್ನ ಮುಂದೆ ಬಗ್ಗಿ, ದವಾಖಾನೆಯಲ್ಲಿ ಡಾಕ್ಟರಿಗೆ ತೋರಿಸಿದ ಹಾಗೆ ಬಾಯಿ ತೆರೆಯುತ್ತಿದ್ದ. ನಾನು 'ಇಲ್ಲ' ಎಂದರೆ ಒಳಗೆ ಬಂದು ಉಣ್ಣುತ್ತಿದ್ದ. 'ಐತಿ' ಎಂದರೆ ಅವ್ವ ಅಗಳಿ ಹಾಕುತ್ತಿದ್ದಳು. ಅಪ್ಪ ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ನನ್ನ ಮುಖ ನೋಡುತ್ತಿದ್ದ. ಎಂಟು ವರ್ಷದ ನಾನು ಅಪ್ಪನಿಗೆ ಊಟ ಕೊಡಬೇಕೋ ಬೇಡವೋ ಎಂದು ತೀರ್ಪು ಹೇಳುತ್ತಿದ್ದೆ.

ಯಾವ ಅಂಗಡಿಯದು, ಎಷ್ಟು ಕುಡಿದಿದ್ದಾನೆ, ಮೇಲೆ ಯಾಲಕ್ಕಿ ಜಗಿದಿದ್ದಾನೋ ಪೇರಲ ಎಲೆಯೋ, ಎಲ್ಲ ಗೊತ್ತಾಗುತ್ತಿತ್ತು. ಇಲ್ಲಿ ಎಲ್ಲರೂ ನನ್ನ ಮೂಗನ್ನು ಹೊಗಳುತ್ತಾರೆ. ಎಲ್ಲಿ ತರಬೇತಿ ಆಯಿತು ಎಂದು ಕೇಳುತ್ತಾರೆ. ನಾನು ಕಾಲೇಜಿನ ಹೆಸರು ಹೇಳುತ್ತೇನೆ. ಖರೆ ಹೇಳಬೇಕೆಂದರೆ ನನ್ನ ಮೂಗನ್ನು ತಯಾರು ಮಾಡಿದ್ದು ನಮ್ಮ ಮನೆಯ ಕಟ್ಟೆ.

ಈಗ ಇನ್ನೊಂದು ಮಾತು. ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ನೀನು ವಚನಾಳ ಹೆಸರು ಎತ್ತಿದ ಮೇಲೆ ಬಿಡುವುದಿಲ್ಲ.

ಅಪ್ಪ ಆ ಬಾಟಲಿ ಕುಡಿದಿಲ್ಲ. ನೀನು ಕುಡಿದಿದ್ದೀ.

ಅಪ್ಪನಿಗೆ ಜೀವಮಾನದಲ್ಲಿ ರುಚಿಗೆ ಎರಡೇ ಮಾತು: "ಚೊಲೊ ಆಗೇತಿ", "ಉಪ್ಪ ಕಡಿಮಿ". ಕುಡಿಯುವಾಗಲೂ ಅವನು ಮೂಗು ಮುಚ್ಚಿಕೊಂಡು ಔಷಧಿಯ ಹಾಗೆ ಒಂದೇ ಉಸಿರಿಗೆ ಎತ್ತುತ್ತಿದ್ದವನು. ಅವನು ಲವಂಗ, ಕಳಿತ ಬಾಳೆಹಣ್ಣು, ಹುದುಗಿದ ಹಿಟ್ಟು ಎಂದು ಹೇಳುತ್ತಾನೆಯೇ? ನಮ್ಮ ಬಿಯರು ತಣ್ಣಗಿದ್ದಾಗ ಲವಂಗ ಕೊಡುವುದಿಲ್ಲ. ಗ್ಲಾಸಿನಲ್ಲಿ ಅರ್ಧ ಗಂಟೆ ಇಟ್ಟು, ಬಿಸಿ ಏರಿದ ಮೇಲೆ ಕೊಡುತ್ತದೆ. ಬಾಳೆಹಣ್ಣಿನ ಘಮ, ಹಿಟ್ಟಿನ ರುಚಿ ಇರುವುದು ತಳದ ಗಸಿಯಲ್ಲಿ. ಗುಟುಕು ಗುಟುಕಾಗಿ, ಆರಾಮಾಗಿ ಕೂತು, ಕೊನೆಯ ಹನಿಯವರೆಗೆ ಕುಡಿದವನಿಗೆ ಮಾತ್ರ ಆ ರುಚಿ ಗೊತ್ತು. ಅದು ಕುಡಿದು ರೂಢಿಯಾದವನ ನಾಲಿಗೆ. ನನ್ನ ಜೊತೆ ಕೂತು ರುಚಿ ನೋಡುವ ಇಬ್ಬರೂ ನಿನ್ನಷ್ಟು ಸರಿಯಾಗಿ ಬರೆಯಲಾರರು.

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ನೀನು ಒರೆಸಿದ್ದು ಯಾರ ಬಾಯಿಗೆ ಗೊತ್ತೇ? ಇಪ್ಪತ್ತು ವರ್ಷ ಒಂದೊಂದು ದಿನ ಹಲ್ಲು ಕಚ್ಚಿ ಬದುಕಿದವನ ಬಾಯಿಗೆ. ಅವನು ಸುಮ್ಮನೆ ಒರೆಸಿಕೊಂಡ, ಮಗನ ಸಂಸಾರ ಉಳಿಯಲಿ ಎಂದು. ಅದರ ಮೇಲೆ ಆ ಬಾಯಿಯನ್ನು ಮೂಸಲು ನಿನ್ನ ಮಗಳನ್ನು ಕಳಿಸುತ್ತೀ!

ಇವತ್ತೇ ನಿಲ್ಲಿಸು.

ಶಿವಗಂಗಾ


ಹುನಗುಂದ
12 ಡಿಸೆಂಬರ್ 2024

ಶಿವಗಂಗಾ,

ಬಾಯಿ ಬಿಗಿಹಿಡಿದು ಬರೆ. ಗೋವಾದಲ್ಲಿ ಗ್ಲಾಸು ಮೂಸುವವಳು ಇಲ್ಲಿರುವ ಅಣ್ಣನಿಗೆ ಕಳ್ಳ ಎನ್ನುತ್ತೀ. ಅಪ್ಪ ತಾನೇ ಒಪ್ಪಿಕೊಂಡಿದ್ದಾನೆ, ಬಸವೇಶ್ವರಿಯ ಎದುರು ಒಪ್ಪಿಕೊಂಡಿದ್ದಾನೆ. ನಿನಗೆ ಅಪ್ಪನ ಮಾತಿಗಿಂತ ಲವಂಗ ದೊಡ್ಡದೇ?

ಅವ್ವ ಹೋದಾಗ ಆಸ್ಪತ್ರೆ, ಮಣ್ಣು, ವಿಭೂತಿ ಎಲ್ಲ ಮಾಡಿದವನು ನಾನು. ನೀನು ಮೂರು ದಿನ ಇದ್ದು ಹೋದೆ. ತೋಟ, ಗೋದಾಮು, ಅಪ್ಪನ ಔಷಧಿ, ಬಂದುಹೋಗುವ ಜನ, ಎಲ್ಲದಕ್ಕೂ ನಾನೊಬ್ಬನೇ. 'ಕಾಶಪ್ಪನ ಮಗ, ನೋಡ್ರಿ, ಅಡಿಕಿ ಸೈತ ತಿನ್ನಂಗಿಲ್ಲ' ಎನ್ನುವ ಜನರ ನಡುವೆ ದಿನಾ ಬದುಕಿ ನೋಡು, ಗೊತ್ತಾಗುತ್ತದೆ.

ವಚನಾ ನನ್ನ ಮಗಳು. ಅವಳ ವಿಷಯ ನನಗೆ ಬಿಡು. ಇನ್ನು ಪತ್ರ ಬರೆಯಬೇಡ.

ಅಮರೇಶ


ಪೋಂಡಾ
30 ಡಿಸೆಂಬರ್ 2024

ಅಣ್ಣಾ,

ಬೇಡ ಎಂದರೂ ಬರೆಯುತ್ತಿದ್ದೇನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗಿದೆ ನಿನ್ನ ಪತ್ರ. 'ನಾನು ಕುಡಿದಿಲ್ಲ' ಎಂಬ ಒಂದು ಸಾಲನ್ನು ಅದರಲ್ಲಿ ಹುಡುಕಿದೆ. ಇಲ್ಲ.

ನೀನು ಒಬ್ಬನೇ ಹೊತ್ತದ್ದು ನಿಜ. ಅದನ್ನು ನಾನು ಇದುವರೆಗೆ ಬಾಯಿ ಬಿಟ್ಟು ಹೇಳದಿದ್ದದ್ದೂ ನಿಜ. ನೀನು ಕುಡಿದೆ ಎಂದು ನನಗೆ ಸಿಟ್ಟಿಲ್ಲ. ಕುಡಿದು ಅಪ್ಪನ ಮೇಲೆ ಹಾಕಿದೆಯಲ್ಲ, ಅದಕ್ಕೆ ಮೈ ಉರಿಯುತ್ತದೆ.

ಮನೆಗೆ ಫೋನು ಮಾಡಿದ್ದೆ. ಬಸವೇಶ್ವರಿ ಎತ್ತಿದಳು. ಅವಳಿಗೆ ನಾನು ಏನೂ ಹೇಳಲಿಲ್ಲ, ಹೇಳಬೇಕಾದವನು ನೀನು. ಅಪ್ಪನಿಗೆ ಕೊಡು ಎಂದೆ. ಅಪ್ಪ "ಆರಾಮ ಅದೇನವಾ" ಎಂದು ಇಟ್ಟುಬಿಟ್ಟ. ಮರುದಿನ ಸಂಜೆ ಮತ್ತೆ ಮಾಡಿದಾಗ ವಚನಾ ಮಾತಾಡಿದಳು. ಸಾಲೆ, ಗೆಳತಿಯರು ಎಂದು ಹರಟುತ್ತಿದ್ದವಳು "ಅಜ್ಜ ಬಂದ ಅತ್ತಿ, ನಂಗ ಕೆಲಸ ಐತಿ" ಎಂದು ಓಡಿದಳು. ಕೆಲಸ ಎಂದಳು ಅಣ್ಣಾ, ಆಟ ಎನ್ನಲಿಲ್ಲ.

ಸಂಕ್ರಾಂತಿಯವರೆಗೆ ಕಾಯುತ್ತೇನೆ. ಅಷ್ಟರಲ್ಲಿ ನೀನು ಬಾಯಿ ಬಿಡದಿದ್ದರೆ ನಾನೇ ಬಂದು ಕಟ್ಟೆಯ ಮೇಲೆ ನಿಂತು ಹೇಳುತ್ತೇನೆ.

ಶಿವಗಂಗಾ


ಬಾದಾಮಿ
17 ಜನವರಿ 2025

ಶಿವಗಂಗಾ,

ಇದನ್ನು ಬಾದಾಮಿಯ ಒಂದು ಲಾಡ್ಜಿನಿಂದ ಬರೆಯುತ್ತಿದ್ದೇನೆ. ಬಸವೇಶ್ವರಿ ಫೋನು ಮಾಡಿ ಸದ್ಯ ಮನೆಗೆ ಬರಬೇಡ ಎಂದಿದ್ದಾಳೆ. ನಿನಗೆ ಸಂತೋಷವಾಗಲಿ.

ಹೌದು, ನಾನೇ ಕುಡಿದೆ. ಅವ್ವ ತೀರಿಕೊಂಡ ವರ್ಷದಿಂದ ಕುಡಿಯುತ್ತಿದ್ದೇನೆ. ಇಲ್ಲಿಯ ಹೋಟೆಲುಗಳಿಗೆ ಹಣ್ಣು ಹಾಕಲು ಬರುತ್ತೇನಲ್ಲ, ಆಗ. ಗುಹೆ ನೋಡಲು ಬಂದ ಪರ ಊರಿನವರ ನಡುವೆ ಕೂತರೆ ಯಾರೂ ಕಾಶಪ್ಪನ ಮಗ ಎನ್ನುವುದಿಲ್ಲ. ಬಸವೇಶ್ವರಿ ಮಗಳೊಂದಿಗೆ ತವರಿಗೆ ಹೋಗಿದ್ದಳು, ಅಪ್ಪ ಹೊರಗೆ ಕಟ್ಟೆಯ ಮೇಲಿದ್ದ, ಒಳಗೆ ಮನೆ ಖಾಲಿ ಎಂದು ನಿನ್ನ ಬಾಟಲಿಯನ್ನು ಒಯ್ದೆ. ಬಸವೇಶ್ವರಿ ಮರುದಿನ ಬರುವವಳಿದ್ದಳು, ಆ ದಿನವೇ ಬಂದಳು. ನಾನು ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದೆ. ಯಾರು ಕುಡಿದದ್ದು ಎಂದಾಗ ನಾನು ಒಳಗೆ ಬಂದು 'ಅಪ್ಪ ಕುಡಿದ' ಎಂದೆ. ಅಪ್ಪ ನನ್ನ ಕಡೆ ನೋಡದೆ, ತಾನೇ ಕುಡಿದೆ ಎಂದುಬಿಟ್ಟ. ಆ ಮೇಲೆ ಅವನೂ ನಾನೂ ಆ ಮಾತು ಎತ್ತಿಲ್ಲ.

ಸಂಕ್ರಾಂತಿಗೆ ನೀನು ಬಂದು ಕೂಗುತ್ತೀ ಎಂದು ಹೆದರಿ ನಾನೊಂದು ಉಪಾಯ ಮಾಡಿದೆ. ನಾಲ್ಕು ದಿನ ಮುಟ್ಟಲಿಲ್ಲ. ಹಬ್ಬದ ದಿನ ಎಲ್ಲರೂ ಕೂಡಲಸಂಗಮಕ್ಕೆ ಹೋಗಿ ಸ್ನಾನ ಮಾಡಿ, ಅಲ್ಲೇ ಬುತ್ತಿ ಉಂಡು ಬಂದೆವು. ಸಂಜೆ ವಚನಾ ಎಂದಿನಂತೆ ಕಟ್ಟೆಗೆ ಬಂದಳು. ಅಪ್ಪ ಬಗ್ಗಿದ. ಎಪ್ಪತ್ತೆರಡು ವರ್ಷದವನು, ಮೊಳಕಾಲು ಹಿಡಿದುಕೊಂಡು ಬಗ್ಗಿದ. ನಾನು ಪಕ್ಕದಲ್ಲಿ ಕೂತು, ಬಸವೇಶ್ವರಿಗೆ ಕೇಳಿಸುವ ಹಾಗೆ, "ಇವತ್ತ ನಂದೂ ನೋಡವ್ವಾ" ಅಂದೆ. ಅವಳು 'ಇಲ್ಲ' ಎನ್ನುತ್ತಾಳೆ, ಅದನ್ನು ನಿನ್ನ ಮುಖಕ್ಕೆ ಹಿಡಿಯಬಹುದು ಎಂದು ನನ್ನ ಲೆಕ್ಕ.

ಅವಳು ಹತ್ತಿರ ಬಂದು ಮೂಸಿದಳು. ಕೆಲಸ ಮಾಡುವವರ ಹಾಗೆ, ಮುಖದಲ್ಲಿ ನಗು ಇಲ್ಲ.

"ಇವತ್ತ ಇಲ್ಲ. ಬಾದಾಮಿಗೆ ಹೋಗಿ ಬಂದ ದಿನಾ ಇರ್ತೈತಿ. ಅತ್ತಿ ಬಾಟ್ಲಿ ಕುಡದ ದಿನಾನೂ ಇತ್ತು. ಯಾರ ಮುಂದೂ ಹೇಳಬ್ಯಾಡ ಅಂತ ಅಜ್ಜ ಹೇಳ್ಯಾನ."

ಹೇಳಿ, ತಾನು ಹೇಳಬಾರದ್ದನ್ನು ಹೇಳಿದೆ ಎಂದು ಗೊತ್ತಾಗಿ, ಅಜ್ಜನ ಕಡೆ ತಿರುಗಿ ಅಳತೊಡಗಿದಳು. "ಅಜ್ಜಾ, ಬಾಯಿ ತಪ್ಪಿ ಬಂತು" ಎಂದು ಅವನ ಧೋತರ ಹಿಡಿದುಕೊಂಡಳು. ಬಸವೇಶ್ವರಿ ಬಾಗಿಲಲ್ಲೇ ನಿಂತಿದ್ದಳು. ಮಾವನ ಎದುರು ಹೋಗಿ, ಕಾಲಿಗೆ ಹಣೆ ಹಚ್ಚಿ, ಮಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅಗಳಿ ಹಾಕಲಿಲ್ಲ, ಆದರೆ ನನಗೆ ಒಳಗೆ ಹೋಗುವ ಧೈರ್ಯ ಬರಲಿಲ್ಲ.

ನಿನ್ನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ನೀನು ಆ ಬಾಟಲಿ ಕಳಿಸಬಾರದಿತ್ತು. ನನ್ನ ಮೇಲಿನ ಸಿಟ್ಟನ್ನು ಏನು ಮಾಡಬೇಕೋ ತಿಳಿಯುತ್ತಿಲ್ಲ. ಇದು ಕುಡಿಯದೆ ಬರೆದ ಪತ್ರ. ಕೆಳಗೆ ಬಾರು ಇದೆ.

ಅಮರೇಶ


ಪೋಂಡಾ
21 ಜನವರಿ 2025

ಅಣ್ಣಾ,

ನಿನ್ನ ಪತ್ರ ಓದಿ ನಿನಗೆ ಬರೆಯಬೇಕೆಂದಿದ್ದ ಬೈಗುಳವೆಲ್ಲ ಬೇರೆ ಕಡೆ ತಿರುಗಿತು.

ಅಪ್ಪನನ್ನು ನಾನು ಇಷ್ಟು ದಿನ ದೇವರ ಗದ್ದುಗೆಯ ಮೇಲೆ ಕೂರಿಸಿದ್ದೆ. ಮಗನಿಗಾಗಿ ಮರ್ಯಾದೆ ಬಿಟ್ಟ ಎಂದುಕೊಂಡು ಅತ್ತಿದ್ದೆ. ಅವನು ತನ್ನ ಮರ್ಯಾದೆ ಬಿಟ್ಟರೆ ಬಿಡಲಿ, ಅದು ಅವನದು. ಏಳು ವರ್ಷದ ಹುಡುಗಿಗೆ 'ಹೇಳಬ್ಯಾಡ' ಎಂದನಲ್ಲ. ಎರಡು ತಿಂಗಳು ಆ ಮಗು ದಿನಾ ಕಟ್ಟೆಗೆ ಬಂದು, ಏನೂ ಕುಡಿಯದ ಬಾಯಿ ಮೂಸಿ, ಕುಡಿದವನ ಪಕ್ಕದಲ್ಲಿ ಕೂತು ರೊಟ್ಟಿ ತಿಂದಿದೆ. ನನಗಾದರೂ ಕಂಡದ್ದನ್ನು ಹೇಳಲು ಬಿಟ್ಟಿದ್ದರು. ನೀವು ಅವಳ ಮೂಗು ಕಿತ್ತುಕೊಂಡಿರಿ, ಅವನು ಅವಳ ಬಾಯಿಯನ್ನೂ ಕಟ್ಟಿದ. ಇದನ್ನು ನಾನು ಅಪ್ಪನ ಎದುರೇ ಕೇಳುತ್ತೇನೆ. ನಿನ್ನನ್ನು ಬಿಟ್ಟಿದ್ದೇನೆ ಎಂದುಕೊಳ್ಳಬೇಡ.

ಕೆಲಸ ಬಿಡುವುದಿಲ್ಲ. ಈ ಮೂಗಿನಿಂದ ಅನ್ನ ತಿನ್ನುತ್ತಿದ್ದೇನೆ, ಯಾರ ಜೋಳಿಗೆಗೂ ಹಾಕುವುದಿಲ್ಲ. ಬಾಟಲಿ ಕಳಿಸಬಾರದಿತ್ತು ಎನ್ನುವುದನ್ನು ಮಾತ್ರ ಒಪ್ಪುತ್ತೇನೆ. ನನ್ನ ಕೆಲಸವನ್ನು ಮನೆಯವರು ಒಬ್ಬರಾದರೂ ರುಚಿ ನೋಡಲಿ ಎಂಬ ಆಸೆಯಿತ್ತು. ನೀನು ನೋಡಿದೆ, ತಳದವರೆಗೆ ನೋಡಿದೆ. ಅದರ ಬಗ್ಗೆ ಇಷ್ಟು ಚೆನ್ನಾಗಿ ಬರೆದವರು ಬೇರೆ ಯಾರೂ ಇಲ್ಲ.

ಶುಕ್ರವಾರ ಹೊರಟು ಶನಿವಾರ ಬೆಳಿಗ್ಗೆ ಇಳಕಲ್ಲಿಗೆ ಬರುತ್ತೇನೆ. ನೀನೂ ಅಷ್ಟರೊಳಗೆ ಬಾದಾಮಿಯಿಂದ ಬಾ. ಬಸವೇಶ್ವರಿ ಒಳಗೆ ಕರೆಯದಿದ್ದರೆ ಕಟ್ಟೆಯ ಮೇಲೆ ಕೂಡು, ಅಪ್ಪ ಕೂತಿದ್ದಾನೆ, ನಿನಗೇನು ಕಡಿಮೆ? ಮಠಕ್ಕೆ ಹೋಗಿ, ಅಪ್ಪನಿಗೆ ಹುಷಾರಿಲ್ಲ ಎಂದದ್ದು ಸುಳ್ಳು ಎಂದು ನಿನ್ನ ಬಾಯಿಂದಲೇ ಹೇಳಬೇಕು. ಆಮೇಲೆ ನೀನು ಕುಡಿಯುತ್ತೀಯೋ ಬಿಡುತ್ತೀಯೋ ನಿನಗೆ ಬಿಟ್ಟದ್ದು. ನಾನು ಯಾರ ಬಾಯಿಯನ್ನೂ ಮೂಸಲು ಬರುತ್ತಿಲ್ಲ.

ಅದಕ್ಕೂ ಮೊದಲು ಒಂದು ಕೆಲಸ ಮಾಡು. ಇವತ್ತೇ ಮನೆಗೆ ಫೋನು ಮಾಡಿ ವಚನಾಳನ್ನು ಕರೆ. ನೀನು ಹೇಳಿದ್ದು ಬಾಯಿ ತಪ್ಪಿ ಬಂದದ್ದಲ್ಲ ಮಗಳೇ, ಖರೆ ಎಂದು ಹೇಳು. ಅವಳು ಅಳುತ್ತಾಳೆ, ಫೋನು ಇಡಬೇಡ.

ಶಿವಗಂಗಾ